ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಬೇಸಿಗೆ ಶುರುವಾಯ್ತು ಅಂದ್ರೆ ಸ್ನೇಹಿತರು ಕೇಳೋ ಪ್ರಶ್ನೆ ಒಂದೇ. "ಸಿಗ್ನಲ್‌ನಲ್ಲಿ ನಿಂತಾಗ ಎ.ಸಿ. ಹಾಕಿದ್ರೆ ಕಾರು ಗಡಗಡ ನಡುಗುತ್ತೆ ಮಾರಾಯಾ, ಏನ್ಮಾಡೋದು?" ಗ್ಯಾರೇಜುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗೋ ಉತ್ತರ ಎರಡು. ಒಂದು, "ಎ.ಸಿ. ಹಾಕಿದ್ರೆ ಅಷ್ಟು ಇದ್ದಿದ್ದೇ ಸಾರ್." ಇನ್ನೊಂದು, "ಗ್ಯಾಸ್ ತುಂಬಿಸೋಣ, ಆಗ್ಲಿಲ್ಲಾಂದ್ರೆ ಕಂಪ್ರೆಸರ್ ಬದಲಾಯಿಸೋಣ." ಪರೀಕ್ಷೆ ಮಾಡದೆ ಹೇಳಿದರೆ ಎರಡೂ ತಪ್ಪು ಅನ್ನೋದು ನನ್ನ ವಾದ.

ಯಾಕೆ ಅಂತೀರಾ? ಕಂಪ್ರೆಸರ್ ತಿರುಗೋದು ಇಂಜಿನ್‌ನ ಬೆಲ್ಟಿನಿಂದ. ಅದಕ್ಕೆ ಕೆಲವು ಅಶ್ವಶಕ್ತಿ ಬೇಕು. ಸುಮಾರು 700-800 ಆರ್‌ಪಿಎಂನಲ್ಲಿ ಐಡಲ್ ಆಗ್ತಿರೋ ಪುಟ್ಟ ಇಂಜಿನ್‌ಗೆ ಅದು ದೊಡ್ಡ ಹೊರೆಯೇ. ಅದಕ್ಕೇ ಇಸಿಯು ಆ ಹೊತ್ತಿಗೆ ಸ್ವಲ್ಪ ಹೆಚ್ಚು ಗಾಳಿ ಬಿಟ್ಟು ಐಡಲ್ ಕಾಯ್ದುಕೊಳ್ಳುತ್ತೆ. ಆರೋಗ್ಯವಂತ ಕಾರಲ್ಲಿ ಮುಳ್ಳು ಒಂದು ಕ್ಷಣ ಇಳಿದು ಮತ್ತೆ ಮೇಲೇರುತ್ತೆ. ಅಂದ್ರೆ ಎ.ಸಿ. ಇಲ್ಲಿ ಪರೀಕ್ಷಕ. ಫೇಲಾಗ್ತಿರೋದು ಹೆಚ್ಚಿನ ಸಲ ಇಂಜಿನ್ನು!

ಹಾಗಾಗಿ ದುಡ್ಡು ಬಿಚ್ಚೋ ಮೊದಲು ಇಂಜಿನ್ ಬಿಸಿಯಾದ ಮೇಲೆ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಇಷ್ಟು ನೋಡಿ:

- ಎ.ಸಿ. ಆಫ್ ಇದ್ದಾಗಲೂ ಸಣ್ಣಗೆ ನಡುಗುತ್ತಾ? ಹಾಗಾದ್ರೆ ಮೊದಲು ಸ್ಪಾರ್ಕ್ ಪ್ಲಗ್, ಕಾಯಿಲ್, ಗಾಳಿ ಸೋರೋ ವ್ಯಾಕ್ಯೂಮ್ ಪೈಪ್ ನೋಡಬೇಕು.
- ಎ.ಸಿ. ಹಾಕಿದ ಮೇಲೆ ಆರ್‌ಪಿಎಂ ಇಳಿದು ಅಲ್ಲೇ ಒದ್ದಾಡುತ್ತಾ? ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು. ಕ್ಲೀನ್ ಮಾಡಿಸಿದ ಮೇಲೆ ಎಷ್ಟೋ ಕಾರುಗಳಲ್ಲಿ ಐಡಲ್ ರೀಲರ್ನ್ ಕೂಡ ಮಾಡಿಸಬೇಕು.
- ಆರ್‌ಪಿಎಂ ಸರಿಯಾಗೇ ಇದೆ, ಆದ್ರೂ ಸೀಟು-ಸ್ಟೀರಿಂಗ್ ನಡುಗುತ್ತಾ? ಇಂಜಿನ್ ಮೌಂಟಿನ ರಬ್ಬರ್ ಸೋತಿರಬಹುದು.
- ಎ.ಸಿ. ಆಫ್ ಮಾಡಿ ಹೆಡ್‌ಲೈಟ್, ಹಿಂದಿನ ಗಾಜಿನ ಡಿಫಾಗರ್ ಹಾಕಿ. ಆಗಲೂ ಐಡಲ್ ಕುಸಿದ್ರೆ ಕಂಪ್ರೆಸರ್ ಮೇಲಿನ ಅನುಮಾನ ಕಮ್ಮಿಯಾಯ್ತು.
- ನಿಂತಾಗ ಮಾತ್ರ ನಡುಕ, ಜೊತೆಗೆ ತಂಪೂ ಕಮ್ಮಿಯಾಗುತ್ತಾ? ಕಂಡೆನ್ಸರ್ ಫ್ಯಾನ್ ತಿರುಗ್ತಿದೆಯಾ ನೋಡಿ. ಅದು ನಿಂತ್ರೆ ಗ್ಯಾಸಿನ ಒತ್ತಡ ಏರಿ ಹೊರೆ ಇನ್ನೂ ಜಾಸ್ತಿ.

ಇನ್ನು ಗ್ಯಾಸಿನ ವಿಷಯ. ಅದು ಪೆಟ್ರೋಲಿನ ಹಾಗೆ ಖರ್ಚಾಗೋ ವಸ್ತು ಅಲ್ಲ, ಮುಚ್ಚಿದ ಪೈಪುಗಳಲ್ಲಿ ಸುತ್ತುತ್ತಾ ಇರುತ್ತೆ. ವರ್ಷ ವರ್ಷ ತುಂಬಿಸಬೇಕಾಗಿ ಬಂದ್ರೆ ಎಲ್ಲೋ ಸೋರ್ತಿದೆ ಅಂತರ್ಥ. ಅಂದಾಜಿನಲ್ಲಿ ಜಾಸ್ತಿ ತುಂಬಿಸಿದ್ರೆ ಒತ್ತಡ ಹೆಚ್ಚಿ ನಡುಕ ಕಮ್ಮಿಯಾಗೋ ಬದಲು ಜಾಸ್ತಿಯೇ ಆದೀತು.

ಮೂರು ಸಿಲಿಂಡರಿನ ಕಾರು ಸ್ವಲ್ಪ ಅಲುಗೋದು ಸಹಜ, ಒಪ್ಪಿದೆ. ಆದ್ರೆ ಹೋದ ವರ್ಷ ಇಲ್ಲದ ನಡುಕ ಈ ವರ್ಷ ಬಂದಿದ್ರೆ ಅದನ್ನ "ಇದ್ದಿದ್ದೇ" ಅಂತ ಬಿಡಬಾರದು. ಇವತ್ತು ನಡುಗೋ ಇಂಜಿನ್ ನಾಳೆ ಫ್ಲೈಓವರ್ ಏರಿನಲ್ಲಿ ನಿಂತುಹೋಗಬಹುದು. ಆಗ ಸ್ಟೀರಿಂಗ್ ಭಾರ, ಬ್ರೇಕಿಗೆ ಬೂಸ್ಟರ್ ನೆರವು ಸಿಗೋದು ಎರಡು ಮೂರು ತುಳಿತಕ್ಕಷ್ಟೇ. ಹಿಂದಿನ ಸೀಟಲ್ಲಿ ಮಕ್ಕಳಿದ್ದಾಗ ಇದು ತಮಾಷೆಯ ಮಾತಲ್ಲ.

ಹಾಗಂತ ಮೆಕ್ಯಾನಿಕ್ಕನ್ನ ಮಾತ್ರ ಬೈದ್ರೆ ನ್ಯಾಯ ಅಲ್ಲ. ಡಾಕ್ಟರ್ ನಾಡಿ ಹಿಡಿದು ಔಷಧಿ ಬೇಡ ಅಂದ್ರೂ ಫೀಸು ಕೊಟ್ಟು ಕೈಮುಗಿದು ಬರ್ತೀವಿ. ಮೆಕ್ಯಾನಿಕ್ ಅರ್ಧ ಗಂಟೆ ಸ್ಕ್ಯಾನರ್ ಹಾಕಿ, ಕಿವಿಗೊಟ್ಟು ಕೇಳಿ, "ಪಾರ್ಟ್ ಏನೂ ಬೇಡ" ಅಂದ್ರೆ? "ಏನೂ ಮಾಡ್ಲಿಲ್ವಲ್ಲ, ದುಡ್ಡು ಯಾಕೆ?" ಅಂತೀವಿ. ಯೋಚನೆಗೆ ಕಾಸಿಲ್ಲ, ಪಾರ್ಟಿಗೆ ಮಾತ್ರ ಕಾಸು ಅಂದ ಮೇಲೆ ಅವನು ಪಾರ್ಟ್ ಮಾರದೆ ಇನ್ನೇನು ಮಾಡ್ತಾನೆ ಹೇಳಿ?

ನನ್ನ ಸಲಹೆ ಇಷ್ಟೇ. ಪರೀಕ್ಷೆಗೆ ಇಂತಿಷ್ಟು ಅಂತ ಮೊದಲೇ ಮಾತಾಡಿ, ಕೊಟ್ಟುಬಿಡಿ. ಆಮೇಲೆ ಧೈರ್ಯವಾಗಿ ಕೇಳಿ: "ಕಂಪ್ರೆಸರ್ರೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು?" ಉತ್ತರ ಇಲ್ಲಾಂದ್ರೆ ಕೀ ಈಸ್ಕೊಂಡು ಬನ್ನಿ :-)

ನಿಮ್ಮ ಕಾರಿನ ಎಮ್ಮೆಗೂ ಬರೆ ಬಿದ್ದಿದೆಯಾ? ಬರೆಯಿರಿ, ಓದೋಣ.