ಸಂದರ್ಶನಕ್ಕೆ ಹೊಸ ಕೋಟು ಬೇಕೆ?

ಸಂದರ್ಶನದ ಪತ್ರ ಬಂದ ದಿನ ಮನೆಯಲ್ಲಿ ಸಂಭ್ರಮ. ಮರುದಿನವೇ ಚಿಂತೆ: ಹುಡುಗ ಏನು ಹಾಕಿಕೊಂಡು ಹೋಗಬೇಕು?

ಭದ್ರಾವತಿಯಲ್ಲಿ ಈ ಚಿಂತೆ ಹಿಂದೆ ಇಷ್ಟಿರಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಊರಿನವರಿಗೆ ಮನೆ ಬಾಗಿಲಲ್ಲೇ ಕೆಲಸ ಕೊಟ್ಟವು. ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯಲ್ಲೂ ಮೊದಲಿನಷ್ಟು ಕೆಲಸಗಾರರಿಲ್ಲ. ಈಗ ಹುಡುಗರು ಮಾಚೇನಹಳ್ಳಿಗೋ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ, ಮನೆತನದ ಗುರುತಿಲ್ಲದ ಅಪರಿಚಿತರ ಮುಂದೆ ಕೂರಬೇಕು.

ಹೀಗಾಗಿ ತಂದೆ ಸಾಲ ಮಾಡಿಯಾದರೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೋಟು, ಟೈ ಕೊಡಿಸಲು ಹೊರಡುತ್ತಾನೆ. ಅಭ್ಯಾಸವಿಲ್ಲದ ಮಗ ಆ ಕೋಟಿನೊಳಗೆ ಬೆವರುತ್ತಾನೆ, ಕಾಲರು ಎಳೆದುಕೊಳ್ಳುತ್ತಾನೆ, ಗೊತ್ತಿದ್ದ ಉತ್ತರವನ್ನೂ ಮರೆಯುತ್ತಾನೆ.

1923ರಿಂದ 1929ರವರೆಗೆ ಭದ್ರಾವತಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರ ಎಲ್ಲರೂ ನೋಡಿದ್ದೇ. ಮೈಸೂರು ಪೇಟ, ಕೋಟು, ಟೈ ಎಲ್ಲವೂ ಅಚ್ಚುಕಟ್ಟು. ಅವರು ಮನೆಪಾಠ ಹೇಳಿ ಕಾಲೇಜು ಓದಿದವರು. ಅವರಿಂದ ಕಲಿಯಬೇಕಾದದ್ದು ಕೋಟನ್ನಲ್ಲ, ಆ ಅಚ್ಚುಕಟ್ಟನ್ನು.

ಅಚ್ಚುಕಟ್ಟಿಗೆ ಖರ್ಚು ಕಡಿಮೆ. ತಿಳಿ ಬಣ್ಣದ ತುಂಬುತೋಳಿನ ಹತ್ತಿಯ ಷರಟು, ಗಾಢ ಬಣ್ಣದ ಪ್ಯಾಂಟು, ಬೆಲ್ಟು, ಪಾಲಿಶ್ ಮಾಡಿದ ಕಪ್ಪು ಬೂಟು, ಒಗೆದ ಕಾಲುಚೀಲ ಸಾಕು. ಅಳತೆ ಸರಿಯಿದ್ದರೆ ಅಣ್ಣನ ಷರಟಾದರೂ ಆದೀತು.

ಹತ್ತಿಯೇ ಏಕೆ? ಬೆವರಿಗೆ ಸ್ವತಃ ಹೆಚ್ಚಿನ ವಾಸನೆಯಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದರಲ್ಲಿನ ವಸ್ತುಗಳನ್ನು ಒಡೆದಾಗ ದುರ್ವಾಸನೆ ಹುಟ್ಟುತ್ತದೆ. ಹತ್ತಿಯ ನೂಲು ನೀರು ಹೀರುತ್ತದೆ, ಪಾಲಿಯೆಸ್ಟರ್ ಹೀರುವುದು ತೀರ ಅಲ್ಪ. ಆದ್ದರಿಂದ ಬೆಳಿಗ್ಗೆ ಸೋಪು ಹಚ್ಚಿ ಮಾಡಿದ ಸ್ನಾನವೇ ಮೊದಲ ಮದ್ದು. ಘಾಟು ಸೆಂಟು ಸ್ನಾನಕ್ಕೆ ಬದಲಿಯಲ್ಲ.

ಇಸ್ತ್ರಿಯಲ್ಲೂ ವಿಜ್ಞಾನವಿದೆ. ಹತ್ತಿಯ ಸೆಲ್ಯುಲೋಸ್ ಅಣುಗಳನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳು ನೀರು ಮತ್ತು ಶಾಖಕ್ಕೆ ಸಡಿಲವಾಗಿ, ಬಟ್ಟೆ ಒಣಗಿ ಆರುವಾಗ ಮತ್ತೆ ಬಿಗಿಯುತ್ತವೆ. ಅದಕ್ಕೇ ನೀರು ಚಿಮುಕಿಸಿ ಇಸ್ತ್ರಿ ಮಾಡಿ, ಪೂರ್ತಿ ಆರುವವರೆಗೆ ಹ್ಯಾಂಗರಿಗೆ ತೂಗುಹಾಕಬೇಕು. ಬಿಸಿಯಿರುವಾಗಲೇ ಮಡಿಸಿದರೆ ಹೊಸ ಸುಕ್ಕು ಕೂರುತ್ತದೆ. ಈ ಕೆಲಸ ಹಿಂದಿನ ರಾತ್ರಿಯೇ ಮುಗಿಯಲಿ, ಬೆಳಿಗ್ಗೆ ಕರೆಂಟು ಕೈಕೊಡಬಹುದು.

ಕ್ಷೌರ ಮೂರು ದಿನ ಮೊದಲೇ ಆಗಲಿ. ಗಡ್ಡ ಬಿಡುವವರು ಒಪ್ಪವಾಗಿ ಕತ್ತರಿಸಿಕೊಳ್ಳಲಿ. ಉಗುರಿನ ಸಂದಿಯ ಕೊಳೆ ಪ್ರಮಾಣಪತ್ರ ಚಾಚುವಾಗ ಮೊದಲು ಕಾಣುತ್ತದೆ. ಫೌಂಡ್ರಿಗೆ ಹೋಗುವವರು ಉಂಗುರ, ಕೈಸರ ಮನೆಯಲ್ಲೇ ಬಿಡಲಿ. ಯಂತ್ರಗಳ ನಡುವೆ ಅವು ಅಪಾಯ ಎಂಬುದು ತಿಳಿದಿದೆ ಎಂದು ಅಷ್ಟರಿಂದಲೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಭದ್ರಾವತಿಯಿಂದ ಶಿವಮೊಗ್ಗದ ಬಸ್ಸಿಗೆ ಹೊರಡುವವರು ಕೊಡೆ, ಬೂಟು ಒರೆಸಲು ಹಳೆ ಬಟ್ಟೆ, ಬಾಚಣಿಗೆ ಇಟ್ಟುಕೊಂಡು ಅರ್ಧ ಗಂಟೆ ಮೊದಲೇ ತಲುಪಬೇಕು.

ಪಾಲಕರಿಗೆ ಒಂದು ಮಾತು. ಇಸ್ತ್ರಿಯನ್ನೂ ಪಾಲಿಶನ್ನೂ ತಾಯಿ ಮಾಡಿಕೊಡುವುದು ಬೇಡ, ಹುಡುಗನೇ ಮಾಡಲಿ. ಸಾಲದ ಕೋಟಿನ ಕಂತು ಕೆಲಸ ಸಿಗದಿದ್ದರೂ ಕಟ್ಟಬೇಕು. ಕಲಿತ ಅಚ್ಚುಕಟ್ಟು ಮುಂದಿನ ಸಂದರ್ಶನಕ್ಕೂ ಒದಗುತ್ತದೆ.