ಕಲ್ಲು ಎಸೆದು ಪಾಠ ಇಟ್ಟುಕೊಂಡವರು

ಈಚೆಗೆ ಪ್ರಯೋಗಾಲಯವೊಂದರ ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಬಂತು. ಅಂಗೈಯಗಲದ ಸಾಧನವೊಂದು ಡಿಎನ್‌ಎಯನ್ನು ‘ಓದುತ್ತದೆ’ ಎಂದು ಅದರಲ್ಲಿತ್ತು. ಸೀವುಡ್ಸ್‌ನ ಮನೆಯಲ್ಲಿ ಕೂತು ಆ ಒಂದು ಕ್ರಿಯಾಪದದ ಮೇಲೆ ಅರ್ಧ ದಿನ ಕಳೆದೆ. ಕೊನೆಗೆ ‘ಅಳೆದು ಊಹಿಸುತ್ತದೆ’ ಎಂದು ಬರೆದೆ. ಅವರು ತಿದ್ದಿ ‘ಓದುತ್ತದೆ’ ಎಂದೇ ಅಚ್ಚು ಹಾಕಿದರು. ನನ್ನ ಜಗಳ ಬರೀ ಪದದ್ದಲ್ಲ.

ಆಕ್ಸ್‌ಫರ್ಡ್ ನ್ಯಾನೊಪೋರ್ ಕಂಪನಿಯ ಮಿನಿಯಾನ್ 2014ರಲ್ಲಿ ಸಂಶೋಧಕರ ಕೈಗೆ ಬಂತು. ಅದರೊಳಗೆ ತೆಳು ಪೊರೆ, ಪೊರೆಯಲ್ಲಿ ಪ್ರೋಟೀನಿನ ರಂಧ್ರಗಳು, ಅವುಗಳ ಅಡಿಯಲ್ಲೇ 512 ಚಾನೆಲ್‌ಗಳ ಎಲೆಕ್ಟ್ರಾನಿಕ್ ಚಿಪ್. ರಂಧ್ರದಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವುದು ಪಿಕೊಆಂಪಿಯರ್‌ಗಳಲ್ಲಿ, ಅಂದರೆ ಆಂಪಿಯರಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ. ತಂತಿ ಎಳೆದು ದೂರದಲ್ಲಿ ಅಳೆಯಹೊರಟರೆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ವರ್ಧಕ ರಂಧ್ರದ ಬುಡದಲ್ಲೇ ಕೂತಿದೆ. ಡಿಎನ್‌ಎ ಎಳೆ ಸೆಕೆಂಡಿಗೆ ಸುಮಾರು 400 ಅಕ್ಷರಗಳ ವೇಗದಲ್ಲಿ ನುಸುಳುವಾಗ ಪ್ರವಾಹ ಏರಿಳಿಯುತ್ತದೆ. ಯಂತ್ರಕ್ಕೆ ಗೊತ್ತಾಗುವುದು ಈ ಏರಿಳಿತ ಮಾತ್ರ.

ಅದೂ ಒಂದೊಂದೇ ಅಕ್ಷರದ್ದಲ್ಲ. ರಂಧ್ರದ ಇಕ್ಕಟ್ಟಿನಲ್ಲಿರುವ ಐದಾರು ಅಥವಾ ಇನ್ನೂ ಹೆಚ್ಚು ಅಕ್ಷರಗಳು ಸೇರಿ ಒಂದು ಮಟ್ಟ ಕೊಡುತ್ತವೆ, ಸಂಧಿಯಾದ ಪದದ ಹಾಗೆ. ಬಿಡಿಸುವುದು ತರಬೇತಿ ಪಡೆದ ನರಜಾಲ ತಂತ್ರಾಂಶ. ಒಂದೇ ಅಕ್ಷರ ಸಾಲಾಗಿ ಬಂದರೆ ಪ್ರವಾಹ ಬದಲಾಗುವುದೇ ಇಲ್ಲ; ಎಳೆಯ ವೇಗವೂ ಸ್ಥಿರವಲ್ಲ, ಹಾಗಾಗಿ ಎಷ್ಟು ಬಂತೆಂದು ಹೊತ್ತು ನೋಡಿ ಎಣಿಸಲಾಗದು. ಕತೆಯೋ ಕತ್ತೆಯೋ ಎಂಬ ಗೊಂದಲ. ಹೊಸ ರಂಧ್ರ, ಹೊಸ ತಂತ್ರಾಂಶ ಬಂದಂತೆ ಈ ತಪ್ಪು ಬಹಳ ಕಡಿಮೆಯಾಗಿದೆ, ನಿಜ. ಅದೇ ನನ್ನ ವಾದ: ಹಳೆಯ ಸಂಕೇತ ಕೈಯಲ್ಲಿದ್ದರೆ ನಾಳಿನ ಉತ್ತಮ ತಂತ್ರಾಂಶ ಅದನ್ನು ಮತ್ತೆ ಬಿಡಿಸೀತು. ಅಕ್ಷರಗಳಿಗೆ ಅಂಟಿದ ಮೀಥೈಲ್ ಗುರುತುಗಳೂ ಆ ಸಂಕೇತದಲ್ಲಿವೆ. ಬರೀ ನಾಲ್ಕಕ್ಷರದ ಪಾಠದಲ್ಲಿ ಅವು ಕಾಣವು.

ಆದರೆ ‘ಓದಿ ಆಯಿತು’ ಎಂದುಕೊಂಡವರಿಗೆ ಮೂಲವನ್ನು ಅಳಿಸಲು ಏನಡ್ಡಿ? ಕಡತ ಹಲವು ಪಟ್ಟು ದೊಡ್ಡದು, ಡಿಸ್ಕಿಗೆ ದುಡ್ಡು ಬೇಕು. ಹಲ್ಮಿಡಿ ಶಾಸನದ ಪಾಠದ ಬಗ್ಗೆ ವಿದ್ವಾಂಸರು ಮತ್ತೆ ಮತ್ತೆ ತಕರಾರು ತೆಗೆಯಲು ಸಾಧ್ಯವಾದದ್ದು ಕಲ್ಲು ಉಳಿದಿದ್ದರಿಂದ. 1936ರಲ್ಲಿ ಪಾಠ ಬರೆದುಕೊಂಡು ಕಲ್ಲನ್ನು ಚಪ್ಪಡಿ ಹಾಸಿದ್ದರೆ?

ಎಲ್ಲದಕ್ಕೂ ಇದು ಬೇಕಿಲ್ಲ. 2020ರಲ್ಲಿ ನಿಮ್ಹಾನ್ಸ್ ಸಂಶೋಧಕರು ಕರ್ನಾಟಕದ ಕೊರೊನಾ ಮಾದರಿಗಳನ್ನು ನ್ಯಾನೊಪೋರ್‌ನಲ್ಲಿ ಪರೀಕ್ಷಿಸಿ ಸೋಂಕು ಎಲ್ಲೆಲ್ಲಿಂದ ಬಂತೆಂದು ಹುಡುಕಿದರು. ಅಂಥ ತುರ್ತಿಗೆ ಅಕ್ಷರ ಸಾಕು. ಮನುಷ್ಯರ ಜೀನೋಮಿನ ಮಾತು ಬೇರೆ. ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ 10,000 ಜನರ ದತ್ತಾಂಶವನ್ನು 2025ರ ಜನವರಿಯಲ್ಲಿ ಫರೀದಾಬಾದಿನ ಜೈವಿಕ ದತ್ತಾಂಶ ಕೇಂದ್ರದ ಮೂಲಕ ತೆರೆಯಿತು. ಅದರ ಮುಖ್ಯ ವಿಧಾನ ನ್ಯಾನೊಪೋರ್ ಅಲ್ಲ. ಮುಂದೆ ಆ ಕೇಂದ್ರಕ್ಕೆ ನ್ಯಾನೊಪೋರ್ ದತ್ತಾಂಶ ಕೊಡುವವರು ಮೂಲ ಸಂಕೇತವನ್ನೂ ಕೊಡಲೇಬೇಕು, ಸಾರ್ವಜನಿಕ ದುಡ್ಡಿನ ಯೋಜನೆಗಳಾದರೂ. ಅಕ್ಷರಗಳಿಗಿರುವ ಬೀಗವೇ ಅದಕ್ಕೂ ಇರಲಿ, ಅದರಲ್ಲಿರುವುದೂ ಅದೇ ಮನುಷ್ಯನ ಗುಟ್ಟು.

ಡಿಸ್ಕಿನ ಖರ್ಚು ಹೇಳುವವರಿಗೆ ಒಂದೇ ಪ್ರಶ್ನೆ. ಬೆಟ್ಟದ ಹಾಡಿಯೊಂದರಲ್ಲಿ ನಂಬಿ ತೋಳು ಚಾಚಿ ರಕ್ತ ಕೊಟ್ಟ ಅಜ್ಜಿ ಹತ್ತು ವರ್ಷದ ನಂತರ ಇಲ್ಲದಿದ್ದರೆ, ಮತ್ತೆ ಯಾರ ತೋಳು ಹಿಡಿಯುತ್ತೀರಿ?