ಮದ್ದಿಗೆ ಮನೆಯಲ್ಲಿ ಮೂಲೆಯಿಲ್ಲ

ಹೊಲಕ್ಕೆ ಹಂದಿ ನುಗ್ಗುವ ದಿನ ಬಂತೆಂದರೆ ಬಾದಾಮಿ, ಹುನಗುಂದ ಸೀಮೆಯ ಬಂದೂಕು ಇದ್ದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮದ್ದು ಎಲ್ಲಿಡಬೇಕು? ಎಲ್ಲಿ ಕುಳಿತು ತುಂಬಬೇಕು? ಪೇಟೆಯ ಕಾಡತೂಸು ತುಟ್ಟಿ. ಖಾಲಿ ಕವಚ ಮನೆಯಲ್ಲೇ ಬಿದ್ದಿವೆ. ಮದ್ದು, ಛರ್ರೆ ತಂದು ತಾವೇ ತುಂಬಿಕೊಂಡರೆ ನಾಲ್ಕು ಕಾಸು ಉಳಿದೀತು ಎಂಬ ಲೆಕ್ಕಾಚಾರ.

‘ಅಟ್ಟದ ಮ್ಯಾಲ ಇಡೂದ್ರೀ, ಹುಡುಗರ ಕೈಗೆ ಸಿಗಂಗಿಲ್ಲ’ ಎನ್ನುವವರಿದ್ದಾರೆ. ‘ದನದ ಕೊಟ್ಟಿಗ್ಯಾಗ ಇಟ್ರ ಆತು, ಅಲ್ಲಿ ಯಾರ್ ಬರ್ತಾರ?’ ಎನ್ನುವವರೂ ಇದ್ದಾರೆ. ಒಂದೊಂದೇ ಜಾಗ ನೋಡೋಣ. ಅಡುಗೆಮನೆಯಲ್ಲಿ ಒಲೆ. ದೇವರ ಮನೆಯಲ್ಲಿ ದೀಪ. ಕೊಟ್ಟಿಗೆಯಲ್ಲಿ ಒಣ ಮೇವು. ಪತ್ರಾಸಿನ ಕೆಳಗಿನ ಅಟ್ಟ ಏಪ್ರಿಲ್ ಬಿಸಿಲಿಗೆ ಕಾದ ಹಂಚು. ಪಡಸಾಲೆಯಲ್ಲಿ ಬೀಡಿ ಸೇದುವ ಹಿರಿಯರು, ಆಡುವ ಮಕ್ಕಳು. ಇಳಕಲ್ಲಿನ ನೇಕಾರರ ಮನೆಯಾದರೆ ಮಗ್ಗದ ಸುತ್ತ ನೂಲು, ಹತ್ತಿಯ ತುಣುಕು. ಬಾಗಲಕೋಟೆಯ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ, ಪಕ್ಕದವರ ಗೋಡೆಗೆ ನಮ್ಮ ಗೋಡೆ. ಇಷ್ಟೂ ತಿರುಗಿ ಬಂದರೂ ಮದ್ದಿಗೊಂದು ಮೂಲೆ ಸಿಗಂಗಿಲ್ಲ.

ಮದ್ದಿನ ಗುಣವೇ ಅಂಥದು. ಹೊತ್ತಿಕೊಳ್ಳಲು ಬೆಂಕಿಕಡ್ಡಿಯೇ ಬೇಕಿಲ್ಲ, ಒಂದು ಕಿಡಿ ಸಾಕು. ತುಂಬುವಾಗ ಚೆಲ್ಲಿದ ಪುಡಿ ನೆಲದ ಬಿರುಕಿನಲ್ಲಿ ಕೂತು ಎಂದೋ ಒಂದು ದಿನ ಲೆಕ್ಕ ಕೇಳುತ್ತದೆ. ಕೇಪಿಗೆ ಪೆಟ್ಟು ಬಿದ್ದರೂ ಸಿಡಿಯುತ್ತದೆ. ಅಳತೆ ತಪ್ಪಿ ಮದ್ದು ಹೆಚ್ಚಾದರೆ ನಳಿಗೆಯೇ ಒಡೆದು, ಹಂದಿಗೆ ಹಿಡಿದ ಗುಂಡು ಹೊಡೆದವನ ಕಣ್ಣು, ಕೈ ಕಳೆಯುತ್ತದೆ. ಅಮೆರಿಕದಲ್ಲಿ ಕಾಡತೂಸು ತುಂಬುವುದು ಅನೇಕರಿಗೆ ಹವ್ಯಾಸ, ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಬೆಂಕಿಯಿಂದ ದೂರ, ಬೀಗವಿರುವ ಬೇರೆ ಜಾಗ ಬೇಕೆಂದು ಅಲ್ಲಿನ ತಿಳಿದವರೂ ಹೇಳುತ್ತಾರೆ.

ನಮ್ಮಲ್ಲಿ ಕಾನೂನಿನ ಮಾತೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಿಗೆ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಶಿಕ್ಷೆ 7 ವರ್ಷಕ್ಕಿಂತ ಕಡಿಮೆ ಇಲ್ಲ, ಜೀವಾವಧಿಯವರೆಗೂ ಹೋಗಬಹುದು. ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಕಾಡತೂಸು ಮಾಡಲೂ ಲೈಸೆನ್ಸ್ ಸಿಕ್ಕಿತು ಎಂದಲ್ಲ. ನಾಲ್ಕು ಕಾಸಿನ ಉಳಿತಾಯಕ್ಕೆ ಏಳು ವರ್ಷದ ಜೈಲು ಯಾವ ವ್ಯಾಪಾರಸ್ಥನಿಗೂ ಗಿಟ್ಟುವ ಲೆಕ್ಕವಲ್ಲ.

‘ಹತಾರ ನಮ್ಮ ಮಾನ’ ಎಂಬ ಮಾತು ಈ ಜಿಲ್ಲೆಯ ನೆತ್ತರಿನಲ್ಲೇ ಇದೆ, ನಿಜ. 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಒಪ್ಪಿಸುವುದಿಲ್ಲವೆಂದು ಇಂಗ್ಲಿಷರ ಮೇಲೆ ತಿರುಗಿಬಿದ್ದರು. ಊರು ಸುಟ್ಟುಹೋಯಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಕಥೆಗೆ ಕೈ ಮುಗಿಯಬೇಕು. ಆದರೆ ಅವರು ಪರಕೀಯ ಸರಕಾರದ ಮುಂದೆ ಪ್ರಾಣ ಒತ್ತೆಯಿಟ್ಟರು. ಇಂದು ಅಟ್ಟದಲ್ಲಿ ಮದ್ದು ಇಟ್ಟವನು ಒತ್ತೆಯಿಡುವುದು ಕೆಳಗೆ ಮಲಗಿದ ಮಕ್ಕಳನ್ನು.

ಮದ್ದು ಬರಿ ಬಂದೂಕಿನದಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಹೆಸರಿದೆ, ಅದರ ಹಿಂದೆಯೇ ಸ್ಫೋಟಕದ ವ್ಯವಹಾರವೂ ಇದೆ. 2024ರ ನವೆಂಬರಿನಲ್ಲಿ ಅದೇ ಇಳಕಲ್ಲಿನಲ್ಲಿ ತಲೆಗೂದಲು ಒಣಗಿಸುವ ಯಂತ್ರ ಸಿಡಿದು ಒಬ್ಬರ ಕೈಗಳು ಹೋದವು. ಒಳಗೆ ಡಿಟೋನೇಟರ್ ಇತ್ತೆಂದು ತನಿಖೆ ನಡೆಸಿದ ಪೊಲೀಸರು ಹೇಳಿದರು. ಕಲ್ಲು ಸಿಡಿಸುವ ಸಾಮಾನು ಮನೆಯ ಹೊಸ್ತಿಲು ದಾಟಿದರೆ ಏನಾದೀತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು 6 ಜನ ಸತ್ತರು. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜೀವ ಹೋದವು. ಪಟಾಕಿ ಮಾರುವ ಅಂಗಡಿಕಾರರು ಇದನ್ನು ಓದಿ ತಮ್ಮ ಹಿಂದಿನ ಗೋದಾಮಿನ ಕಡೆ ಒಮ್ಮೆ ನೋಡಲಿ. ಹುನಗುಂದದಿಂದ ಬಾಗಲಕೋಟೆಗೆ ಬಸ್ಸು ಹತ್ತುವವರೂ ಸೀಟಿನ ಕೆಳಗೆ ವಾರಸುದಾರರಿಲ್ಲದ ಚೀಲ ಕಂಡರೆ ಕಂಡಕ್ಟರರಿಗೆ ಹೇಳಲು ನಾಚಬೇಕಿಲ್ಲ.

ಹಾಗಾದರೆ ಲೈಸೆನ್ಸ್ ಇದ್ದವರು ಏನು ಮಾಡಬೇಕು? ಬಂದೂಕಿನಲ್ಲಿ ಗುಂಡು ಇರಿಸಿ ಗೂಟಕ್ಕೆ ತೂಗಹಾಕಬಾರದು. ಬಂದೂಕಿಗೊಂದು ಬೀಗ, ಅಂಗಡಿಯಿಂದ ತಂದ ಕಾಡತೂಸಿಗೆ ಬೇರೆ ಬೀಗ. ಕಾಡತೂಸು ತಂಪಾದ, ತೇವವಿಲ್ಲದ, ಒಲೆ ದೀಪಗಳಿಂದ ದೂರದ ಕಬ್ಬಿಣದ ಪೆಟ್ಟಿಗೆಯಲ್ಲಿ ಇರಲಿ. ಕೀಲಿ ಲೈಸೆನ್ಸುದಾರನ ಉಡದಾರದಲ್ಲಿರಲಿ, ಗೋಡೆಯ ಮಾಡದಲ್ಲಿ ಬೇಡ. ಅಜ್ಜನ ಕಾಲದ ಮದ್ದು ಡಬ್ಬಿಯಲ್ಲಿ ಉಳಿದಿದ್ದರೆ ಅದನ್ನು ಕೆದಕುವುದು, ತಿಪ್ಪೆಗೆ ಎಸೆಯುವುದು, ತಾವೇ ಹೊತ್ತು ಠಾಣೆಗೆ ಒಯ್ಯುವುದು ಮೂರೂ ತಪ್ಪು. ಇದ್ದಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸಬೇಕು.

ಹಾಗೆ ತಿಳಿಸಲು ಬಂದವನನ್ನು ಕಳ್ಳನಂತೆ ಕೂಡ್ರಿಸಿ ಜಬರಿಸಿದರೆ ನಾಳೆ ಯಾರೂ ಬಾಯಿ ಬಿಡುವುದಿಲ್ಲ. ಜಿಲ್ಲಾಡಳಿತ ಈ ಮಾತು ಗಮನಿಸಬೇಕು. ಕ್ವಾರಿಗಳಿಗೆ ಬಂದ ಸ್ಫೋಟಕ ಎಷ್ಟು, ಸಿಡಿಸಿದ್ದೆಷ್ಟು, ಉಳಿದದ್ದೆಷ್ಟು ಎಂದು ಒಂದೊಂದು ಕಡ್ಡಿಯ ಲೆಕ್ಕ ನೋಡಬೇಕು. ಪಟಾಕಿ ಮಾರಾಟ ಸಂತೆಪೇಟೆಯ ಇಕ್ಕಟ್ಟಿನಲ್ಲಲ್ಲ, ಬಯಲಿನಲ್ಲಿ ನಡೆಯಬೇಕು. ಹಂದಿ ತಿಂದ ಬೆಳೆಯ ಪರಿಹಾರ ಮುಂದಿನ ಬಿತ್ತನೆಗೆ ಮೊದಲು ರೈತನ ಕೈ ಸೇರಬೇಕು. ಹೊಲದ ಚಿಂತೆ ಕಳೆದರೆ ಅರ್ಧ ಮದ್ದು ತಾನಾಗಿಯೇ ಮನೆ ಬಿಡುತ್ತದೆ.

ಉಳಿದರ್ಧ ಮನೆಯ ಯಜಮಾನನ ಕೈಯಲ್ಲಿದೆ. ಎಲ್ಲಿಡಲಿ ಎಂದು ಕೇಳುವ ಮೊದಲು ‘ಮನಿಯಾಗ ಯಾಕ ಬೇಕು?’ ಎಂದು ಒಮ್ಮೆ ಹೆಂಡತಿಯನ್ನು ಕೇಳಲಿ. ಉತ್ತರ ಅಲ್ಲೇ ಸಿಗುತ್ತದೆ.